ಪಕ್ಕೀರವ್ವ ಹುಳಗಳಿಗೆ ಅಡುಗೆ ಮಾಡಿದ್ದು

ಗಂಗಾವತಿಯ ಬೇಡರ ಓಣಿಯ ಪಕ್ಕೀರವ್ವನಿಗೆ ಸರಕಾರಿ ನೌಕರಿ ಸಿಕ್ಕಿದೆ ಎಂದಾಗ ಓಣಿಯಲ್ಲಿ ಯಾರೂ ನಂಬಲಿಲ್ಲ. ಅವಳ ಗಂಡ ಮಾರೆಪ್ಪ ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತಿದ್ದ, ಮಾತು ಕಡಿಮೆಯ ಮನುಷ್ಯ. ಯಾರಾದರೂ ಕೇಳಿದರೆ, "ಅಡಿಗಿ ಮಾಡಾಕ ಹೋಗ್ತಾಳ" ಎಂದಷ್ಟೇ ಹೇಳುತ್ತಿದ್ದ. "ಯಾರಿಗೆ?" ಎಂದು ಮತ್ತೆ ಕೇಳಿದರೆ ಚೀಲ ಹೆಗಲಿಗೇರಿಸಿಕೊಂಡು ನಡೆದುಬಿಡುತ್ತಿದ್ದ. ಅದಕ್ಕಿದ್ದ ಉತ್ತರ ನಾಲ್ಕು ಮಂದಿಯ ಮುಂದೆ ಹೇಳುವಂಥದಾಗಿರಲಿಲ್ಲ.

ಪಕ್ಕೀರವ್ವ ಮಾಂಸದ ಸಾರಿಗೆ ಹೆಸರಾದವಳು. ಮದುವೆ ಇರಲಿ, ದೇವರ ಊಟವಿರಲಿ, ಕುಷ್ಟಗಿಯಿಂದ, ಯಲಬುರ್ಗಾದಿಂದ ಬಂಡಿ ಕಟ್ಟಿಕೊಂಡು ಬಂದು ಕರೆದೊಯ್ಯುತ್ತಿದ್ದರು. ಎತ್ತರದ ಹೆಂಗಸು, ದೊಡ್ಡ ದನಿ. ಮಸಾಲೆ ಹಾಕುವ ಹೊತ್ತಿನಲ್ಲಿ ಒಲೆಯ ಹತ್ತಿರ ಯಾರನ್ನೂ ಬಿಟ್ಟುಕೊಳ್ಳುತ್ತಿರಲಿಲ್ಲ. ಅವಳಲ್ಲಿ ಇನ್ನೊಂದು ಗುಣವಿತ್ತು. ಉಣ್ಣಲು ಕೂತವರು ಯಾರಾದರೂ ಗಂಗಾಳದಲ್ಲಿ ಸಾರು ಬಿಟ್ಟರೆ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಸಾಲಿನ ನಡುವೆಯೇ ಬಂದು ನಿಲ್ಲುತ್ತಿದ್ದಳು. "ಯಾಕ ಬಿಟ್ಟಿ? ಏನ್ ಕಡಿಮಿ ಆಗೇತಿ ಹೇಳು." ಒಮ್ಮೆ ಒಬ್ಬ ಮದುಮಗ ಹಲ್ಲುನೋವೆಂದು ತುತ್ತು ಬಿಟ್ಟಿದ್ದಕ್ಕೆ, ಅವನು ಕಣ್ಣಲ್ಲಿ ನೀರು ತಂದುಕೊಂಡು ಅಷ್ಟನ್ನೂ ನುಂಗುವ ತನಕ ಎದುರಿಗೇ ನಿಂತಿದ್ದಳಂತೆ.

ಇಂಥವಳನ್ನು ಸರಕಾರ ನೌಕರಿಗೆ ಕರೆದದ್ದು ಎರಡನೆಯ ಮಹಾಯುದ್ಧಕ್ಕೆ ಒಂದೆರಡು ವರ್ಷ ಮುಂಚೆ. ಅದರ ಹಿಂದಿನ ಬೇಸಿಗೆಯಲ್ಲಿ ಕೊಪ್ಪಳದ ಸುತ್ತಮುತ್ತ ವಾಂತಿಭೇದಿ ಹಬ್ಬಿ ಜನ ಸತ್ತಿದ್ದರು. ಯಾವ ಬಾವಿಯಲ್ಲಿ ರೋಗವಿದೆ, ಯಾವುದರಲ್ಲಿ ಇಲ್ಲ ಎಂದು ಪರೀಕ್ಷೆ ಮಾಡಲು ಹೈದರಾಬಾದಿನಿಂದ ಡಾಕ್ಟರ್ ಗುರುನಾಥರಾಯರು ಗಂಗಾವತಿಗೆ ಬಂದರು. ಗಿರಣಿ ಮಾಲಕ ಗವಿಸಿದ್ದಪ್ಪ ತನ್ನ ಹಳೆಯ ಭತ್ತದ ಗೋದಾಮನ್ನು ಅವರಿಗೆ ಬಿಟ್ಟುಕೊಟ್ಟ. ಕಣ್ಣಿಗೆ ಕಾಣದ್ದನ್ನು ದೊಡ್ಡದು ಮಾಡಿ ತೋರಿಸುವ ಹಿತ್ತಾಳೆಯ ದುರ್ಬೀನು, ಮುಚ್ಚಳವಿದ್ದ ಗಾಜಿನ ತಟ್ಟೆಗಳು, ಸೀಮೆ ಎಣ್ಣೆ ದೀಪದಿಂದ ಬೆಚ್ಚಗಾಗುವ ಒಂದು ಕಾವಿನ ಪೆಟ್ಟಿಗೆ ಇಷ್ಟು ಗೋದಾಮಿನೊಳಗೆ ಹೋದವು. ಊರವರು ಅದಕ್ಕೆ ಹುಳದ ದವಾಖಾನಿ ಎಂದು ಹೆಸರಿಟ್ಟರು. ಹೊಟ್ಟೆಯಲ್ಲಿ ಹುಳವಾದ ಮಕ್ಕಳನ್ನು ಕರೆದುಕೊಂಡು ಕೆಲವರು ಬಂದು ಸಾಲಾಗಿ ಕೂತು, ಇಲ್ಲಿ ಹುಳ ಬೆಳೆಸುತ್ತಾರೆಂದು ತಿಳಿದು ಗಾಬರಿಯಿಂದ ಎದ್ದುಹೋದರು.

ಬೆಳೆಸುವುದು ಹೀಗೆ. ಮಾಂಸವನ್ನು ನೀರಲ್ಲಿ ಕುದಿಸಿ, ಸೋಸಿ, ಆ ಸಾರಿಗೆ ಅಗರ್ ಎಂಬ ವಸ್ತು ಹಾಕಿ ಕರಗಿಸಬೇಕು. ಸಮುದ್ರದ ಪಾಚಿಯಿಂದ ತೆಗೆದು ಒಣಗಿಸಿದ ಪಟ್ಟಿ ಅದು, ಜಪಾನಿನಿಂದ ಬರುತ್ತಿತ್ತು. ಸಾರನ್ನು ತಟ್ಟೆಗೆ ಹೊಯ್ದರೆ ಆರಿ ಗಿಣ್ಣದ ಹಾಗೆ ಗಟ್ಟಿಯಾಗಿ ಕೂರುತ್ತಿತ್ತು. ಅದರ ಮೇಲೆ ಬಾವಿಯ ನೀರಿನ ಒಂದು ಹನಿ ಸವರಿ ಕಾವಿನ ಪೆಟ್ಟಿಗೆಯಲ್ಲಿಟ್ಟರೆ, ನೀರಿನಲ್ಲಿದ್ದ ಕಣ್ಣಿಗೆ ಕಾಣದ ಒಂದೊಂದು ಕ್ರಿಮಿಯೂ ಸಾರು ಉಂಡು, ಸಂತಾನ ಬೆಳೆಸಿ, ಮಾರನೆಯ ದಿನಕ್ಕೆ ಕಾಣುವಂಥ ಒಂದು ಚುಕ್ಕೆಯಾಗುತ್ತಿತ್ತು. ಚುಕ್ಕೆಯ ಬಣ್ಣ, ಅಂಚು, ಹೊಳಪು ನೋಡಿ, ಅದರಲ್ಲಿಷ್ಟು ತೆಗೆದು ದುರ್ಬೀನಿನಡಿ ಇಟ್ಟು, ಇದು ಇಂಥದೇ ಎಂದು ಗುರುತು ಹಿಡಿಯುತ್ತಿದ್ದರು. ಆಳು ಕೊಟ್ರಬಸಪ್ಪ ಅಗರ್ ಎಂಬ ಹೆಸರು ಕೇಳಿ ಅಗರಬತ್ತಿಯ ಸಂಬಂಧವೆಂದು ತಿಳಿದು, ಮೊದಲ ದಿನವೇ ಒಂದು ಪಟ್ಟಿಯನ್ನು ಬಸವಣ್ಣನ ಪಟದ ಮುಂದೆ ಹಚ್ಚಿದ. ಮೀನು ಸುಟ್ಟ ಹಾಗೆ ನಾತ ಬಂದು ಪಟವನ್ನೇ ಹೊರಗೆ ತರಬೇಕಾಯಿತು.

ಕೊಟ್ರಬಸಪ್ಪ ಲಿಂಗಾಯತ, ಮಾಂಸದ ಗಡಿಗೆ ಮುಟ್ಟುವುದಿಲ್ಲ ಎಂದ. ರಾಯರು ಬ್ರಾಹ್ಮಣರು. ಮುಟ್ಟುವುದಿರಲಿ, ಮುಂದೆ ಕೆಲಸ ಶುರುವಾದ ಮೇಲೂ ಗಡಿಗೆ ಕುದಿಯುವ ದಿನ ಮೂಗಿಗೆ ಅತ್ತರಿನ ಹತ್ತಿ ತುರುಕಿಕೊಂಡು ಅಂಗಳದ ಬೇವಿನ ಮರದ ಆಚೆ ಕೂರುತ್ತಿದ್ದರು. ಹೀಗಾಗಿ ಪಕ್ಕೀರವ್ವನಿಗೆ ಕರೆ ಹೋಯಿತು.

"ಏನಿಲ್ಲ ಪಕ್ಕೀರವ್ವ," ರಾಯರು ತಿಳಿಸಿ ಹೇಳಿದರು, "ರೋಗದ ಹುಳಕ್ಕ ಊಟಕ್ಕ ಇಡಬೇಕಾಗ್ಯದ. ಅವು ಉಂಡು ಬೆಳದ್ರ ನಾವು ಅವನ್ನ ಹಿಡೀತೀವಿ."

"ಎಷ್ಟು ಮಂದಿ ಬರ್ತಾರ್ರಿ ಊಟಕ್ಕ?"

"ಮಂದಿ ಅಲ್ಲ, ಹುಳ. ಎಣಸ್ಲಿಕ್ಕೆ ಆಗೂದಿಲ್ಲ. ಕೋಟಿಗಟ್ಟಲೆ."

ಪಕ್ಕೀರವ್ವ ಮುಂದಿದ್ದ ಸಣ್ಣ ಗಡಿಗೆಯನ್ನೂ ರಾಯರನ್ನೂ ನೋಡಿದಳು. "ಸಾಹೇಬ್ರ, ಕೋಟಿ ಜೀವಕ್ಕ ಇಷ್ಟು ಖಂಡ ಹೆಂಗ ಸಾಲ್ತೈತ್ರಿ? ನನ್ನ ಹೆಸರು ಕೆಡ್ತೈತಿ."

"ಸಾಲ್ತದ. ನೀನು ಬರೇ ಖಂಡ, ನೀರು, ಚೂರು ಉಪ್ಪು ಹಾಕಿ ಕುದಿಸು, ಸಾಕು."

ಬರೇ ಉಪ್ಪು ಎಂಬುದನ್ನು ಪಕ್ಕೀರವ್ವ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಪಾಪ, ಬ್ರಾಹ್ಮಣರು, ಖಂಡದ ಅಡುಗೆ ಅವರಿಗೇನು ಗೊತ್ತು, ಮಸಾಲೆ ಹೇಳುವುದನ್ನು ಮರೆತಿದ್ದಾರೆ ಎಂದುಕೊಂಡಳು. ಮನೆಯಿಂದ ಒಳಕಲ್ಲು ತಂದಿಟ್ಟುಕೊಂಡಳು. ಲವಂಗ, ಚಕ್ಕೆ, ಬೆಳ್ಳುಳ್ಳಿ, ಕರಿಮೆಣಸು, ಒಂದು ಹಿಡಿ ಅಜವಾನ, ಅಂದರೆ ಓಮ, ಎಲ್ಲವನ್ನೂ ಅರೆದು ಕೂಡಿಸಿದಳು. ಖಾರದಪುಡಿ ಮಾತ್ರ ಹಾಕಲಿಲ್ಲ, ರೋಗದ ಹುಳಗಳೆಂದ ಮೇಲೆ ನಾಜೂಕಾಗಿರಬಹುದು ಎಂಬ ವಿಚಾರದಿಂದ. ಧೋತರದ ಬಟ್ಟೆಯಲ್ಲಿ ಸೋಸಿ ಸೋಸಿ ಸಾರನ್ನು ತಿಳಿ ಹೊನ್ನಿನ ಬಣ್ಣಕ್ಕೆ ತಂದು, ಅಗರ್ ಕರಗಿಸಿ, ಕೊಟ್ಟಳು.

ರಾಯರು ಅತ್ತರಿನ ಹತ್ತಿ ತೆಗೆದಾಗ ಒಂದು ವಾಸನೆ ಅವರ ಮೂಗಿಗೆ ಬಡಿಯಿತು. ಜನ್ಮದಲ್ಲಿ ಮಾಂಸದ ವಾಸನೆ ಹತ್ತಿರದಿಂದ ತೆಗೆದುಕೊಂಡವರಲ್ಲ. ಮಾಂಸ ಹೀಗೇ ನಾರುತ್ತದೆ ಎಂದು ತಿಳಿದರು. ಆದರೆ ಅದು ನಾರುತ್ತಿರಲಿಲ್ಲ, ಘಮಘಮಿಸುತ್ತಿತ್ತು. ಬಾಯಲ್ಲಿ ನೀರು ಬಂತು. ಈ ಸಂಗತಿ ರಾಯರನ್ನು ಎಷ್ಟು ನಾಚಿಸಿತೆಂದರೆ, ಅವರು ಆ ವಾಸನೆಯ ಬಗ್ಗೆ ಯಾರ ಹತ್ತಿರವೂ ಒಂದು ಮಾತು ಎತ್ತಲಿಲ್ಲ. ಪ್ರತಿ ಸಲವೂ ಮನೆಗೆ ಹೋಗಿ ಸ್ನಾನ ಮಾಡಿ ಜನಿವಾರ ಬದಲಿಸಿಕೊಳ್ಳುತ್ತಿದ್ದರು.

ಪರೀಕ್ಷೆ ಶುರುವಾಯಿತು. ಊರ ಬಾವಿಯ ನೀರು ಹಚ್ಚಿದ ತಟ್ಟೆಗಳಲ್ಲಿ ಏನೂ ಬೆಳೆಯಲಿಲ್ಲ. ಕಾಲುವೆಯ ನೀರು ಹಚ್ಚಿದರು, ಅದೂ ಚೊಕ್ಕ. ಕೊಪ್ಪಳದ ಹತ್ತಿರದ ಹಿಟ್ನಾಳದಿಂದ ನೀರು ತರಿಸಿದರು, ಒಂದು ಚುಕ್ಕೆಯಿಲ್ಲ. ರಾಯರು ಹಿಗ್ಗಿನಿಂದ ಮೇಲಿನವರಿಗೆ ಬರೆದರು. ಅದೃಷ್ಟಕ್ಕೆ, ಬಾವಿಗಳಿಗೆ ಕ್ರಿಮಿ ಕೊಲ್ಲುವ ಕೆಂಪು ಔಷಧಿ ಸುರಿಯುವ ಸಿಬ್ಬಂದಿ ಬೇರೆಯೇ ಇತ್ತು. ಅವರು ಯಾರ ವರದಿಯನ್ನೂ ಓದುತ್ತಿರಲಿಲ್ಲ, ತಮ್ಮಷ್ಟಕ್ಕೆ ತಾವು ಸುರಿಯುತ್ತಿದ್ದರು.

ತಟ್ಟೆಗಳನ್ನು ತೊಳೆಯಲು ಪಕ್ಕೀರವ್ವನ ಹತ್ತಿರ ತಂದಾಗ ಅವಳ ಮುಖ ಸಪ್ಪಗಾಯಿತು.

"ಕೊಟ್ರಪ್ಪಣ್ಣಾ, ಇದೇನು, ಹಾಕಿದ್ದು ಹಾಕಿದಂಗ ಐತಲ್ಲ?"

"ಹೌದವ್ವ. ಒಂದೂ ಹುಳ ಇಲ್ಲ. ಸಾಹೇಬ್ರಿಗೆ ಭಾಳ ಖುಷಿ ಆಗೇತಿ."

"ಅವ್ರಿಗೆ ಖುಷಿ ಆದ್ರ ಏನಾತು? ಊಟಕ್ಕ ಕರದೀವಿ, ಯಾರೂ ಒಂದು ತುತ್ತು ಮುಟ್ಟಿಲ್ಲ. ಮಸಾಲಿ ಕಡಿಮಿ ಆಗೇತಿ."

ಮರುವಾರ ಅವಳು ಲವಂಗ ಇಮ್ಮಡಿ ಮಾಡಿದಳು. ತಟ್ಟೆಗಳು ಮತ್ತೂ ಚೊಕ್ಕ. ಮುಂದಿನ ವಾರ ಇನ್ನಷ್ಟು ಹಾಕಿದಳು, ಶುಂಠಿ ಬೇರೆ ಕೂಡಿಸಿದಳು. ಹೀಗೆ ಒಂದೇ ಖಾಲಿ ತಟ್ಟೆಯನ್ನು ನೋಡಿ ಅಂಗಳದ ಈ ಕಡೆ ಒಬ್ಬರು ಹಿಗ್ಗುತ್ತಿದ್ದರು, ಆ ಕಡೆ ಒಬ್ಬಳು ನಿದ್ದೆಗೆಡುತ್ತಿದ್ದಳು.

ಸುದ್ದಿ ಗವಿಸಿದ್ದಪ್ಪನ ಕಿವಿಗೆ ಬಿತ್ತು. ಆತ ವ್ಯಾಪಾರಿ. ಮರುದಿನವೇ ಪೇಂಟರನನ್ನು ಕರೆಸಿ ತನ್ನ ಗಿರಣಿಯ ಚೀಲಗಳ ಮೇಲೆ "ಕ್ರಿಮಿ ಇಲ್ಲದ ಊರಿನ ಅಕ್ಕಿ" ಎಂದು ಬರೆಸಿದ. ರಾಯಚೂರಿನ ತನಕ ಅಕ್ಕಿ ಭರಭರನೆ ಹೋಯಿತು. ಹೊಸಪೇಟೆಯ ಒಬ್ಬ ಸಾಹುಕಾರ ರೋಗಿ ಹೆಂಡತಿಯನ್ನು ಹವಾ ಬದಲಾವಣೆಗೆಂದು ಗಂಗಾವತಿಗೆ ಕರೆತಂದು ಗಿರಣಿಯ ಎದುರಿಗೇ ಮನೆ ಹಿಡಿದ. ಆಕೆ ಹೊಟ್ಟಿನ ಧೂಳಿಗೆ ಕೆಮ್ಮಿ ಕೆಮ್ಮಿ ಇನ್ನಷ್ಟು ಸೊರಗಿದಳು.

ಇತ್ತ ರಾಯರಿಗೆ ಹಿಗ್ಗು ಹೋಗಿ ದಿಗಿಲು ಹತ್ತಿತು. ಗಟಾರದ ನೀರು ಹಚ್ಚಿ ನೋಡಿದರು, ಚೊಕ್ಕ. ತಮ್ಮ ಬೆರಳು ತೊಳೆದ ನೀರು ಹಚ್ಚಿದರು, ಎಂಜಲು ಹಚ್ಚಿದರು, ಎರಡೂ ಚೊಕ್ಕ. ಕೊಟ್ರಬಸಪ್ಪನ ಹಿಮ್ಮಡಿಯ ಮಣ್ಣು ಹಚ್ಚಿದರು. ಕಡೆಗೆ ಎಮ್ಮೆಯ ಸಗಣಿಯನ್ನೇ ಒಂದಿಷ್ಟು ಸವರಿ ಪೆಟ್ಟಿಗೆಯಲ್ಲಿಟ್ಟರು. ಮಾರನೆಯ ದಿನ ಸಗಣಿ ಸಗಣಿಯಾಗಿಯೇ ಇತ್ತು, ಸುತ್ತ ಒಂದು ಚುಕ್ಕೆ ಹುಟ್ಟಿರಲಿಲ್ಲ. ರಾಯರು ತಟ್ಟೆ ಹಿಡಿದುಕೊಂಡು ಬೇವಿನ ಮರದ ಕೆಳಗೆ ಕೂತುಬಿಟ್ಟರು.

"ಕೊಟ್ರಬಸಪ್ಪ, ಈ ಊರಾಗ ದೇವರು ಅದಾನೇನೋ?"

"ಅದಾನ್ರಿ. ಊರ ಹೊರಗ ಗುಡಿ ಐತ್ರಿ."

ಒಂದೂ ಕ್ರಿಮಿಯಿಲ್ಲದ ಊರಿನ ಗುಟ್ಟನ್ನು ತಿಳಿಯಲು ಮೇಲಿನಿಂದ ಒಬ್ಬ ಹಿರಿಯ ಡಾಕ್ಟರು ಬಂದರು. ಇನಾಯತ್ ಸಾಹೇಬರು, ರಾಯಚೂರು ಕಡೆಯವರು, ಕನ್ನಡ ಬಲ್ಲವರು, ಊಟದ ಮೇಲೆ ಪ್ರೀತಿ ಇದ್ದವರು. ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ಹಸಿದು ಬಂದು ಇಳಿದಿದ್ದರು. ರಾಯರು ಅವರನ್ನು ಕೂರಿಸಿ, ಆಗಷ್ಟೇ ಹೊಯ್ದು ಆರಿಸಿಟ್ಟಿದ್ದ, ಇನ್ನೂ ಏನೂ ಹಚ್ಚದ ತಟ್ಟೆಗಳನ್ನು ತೋರಿಸತೊಡಗಿದರು. ಸಾಹೇಬರು ಒಂದರ ಮುಚ್ಚಳ ತೆಗೆದರು. ಮುಚ್ಚಿದರು. ಮತ್ತೆ ತೆಗೆದರು. ಮೂಗು ತಟ್ಟೆಯ ಹತ್ತಿರ ಹೋಯಿತು. ಆಮೇಲೆ ಕಿರುಬೆರಳಿನಿಂದ ಅಂಚಿನಲ್ಲಿ ಚೂರು ಕಿತ್ತು ಬಾಯಿಗಿಟ್ಟುಕೊಂಡರು.

"ಸಾಹೇಬ್ರ!" ರಾಯರು ಕೂಗಿದರು.

ಸಾಹೇಬರು ಕಣ್ಣು ಮುಚ್ಚಿದ್ದರು. ಕಣ್ಣು ತೆಗೆದು ತಟ್ಟೆಯಲ್ಲಿ ಉಳಿದದ್ದನ್ನೂ ಮುಗಿಸಿದರು. ಇನ್ನೊಂದು ತಟ್ಟೆಗೆ ಕೈ ಹಾಕುತ್ತ, "ಇದನ್ನ ಪಕಾಯಿಸಿದವರು ಯಾರು?" ಎಂದರು.

ಪಕ್ಕೀರವ್ವ ಬಂದು ಬಾಗಿಲಲ್ಲಿ ನಿಂತಳು. ತಿಂಗಳುಗಟ್ಟಲೆ ಮುಟ್ಟುವವರಿಲ್ಲದ ಅಡುಗೆಯನ್ನು ಕಡೆಗೂ ಒಬ್ಬರು ಉಣ್ಣುತ್ತಿರುವುದನ್ನು ಕಂಡು ಅವಳ ಕಣ್ಣು ತುಂಬಿದವು.

"ಉಪ್ಪು ಸರಿ ಐತೇನ್ರಿ?"

"ಉಪ್ಪು ಸರಿ ಐತವ್ವ. ಲವಂಗ ಹಾಕೀಯೇನ ಇದರಾಗ?"

"ಹಾಕೀನ್ರಿ. ಕಡಿಮಿ ಆಗೇತೇನ್ರಿ?"

"ಅಜವಾನ?"

"ಹಿಡಿ ತುಂಬ ಹಾಕೀನ್ರಿ. ರಾಯರು ಹೇಳೂದು ಮರ್ತಿದ್ರು. ನಾನಽ ನೆನಪು ಮಾಡಿ ಹಾಕೀನಿ."

ಇನಾಯತ್ ಸಾಹೇಬರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ನಕ್ಕು ಮುಗಿಸಿ, ಲವಂಗದ ಎಣ್ಣೆಯಲ್ಲಿ ಕ್ರಿಮಿ ಬದುಕುವುದಿಲ್ಲ, ಅಜವಾನದಲ್ಲಿ ಇನ್ನೂ ಬದುಕುವುದಿಲ್ಲ, ಇಷ್ಟು ಮಸಾಲೆಯೊಳಗೆ ಸಗಣಿಯಲ್ಲಿದ್ದವೂ ಸತ್ತಿವೆ ಎಂದು ರಾಯರಿಗೆ ತಿಳಿಸಿದರು. ರಾಯರಿಗೆ ಎಲ್ಲಕ್ಕಿಂತ ಹೆಚ್ಚು ಗಾಬರಿಯಾದದ್ದು, ಮಾಂಸದ್ದೆಂದುಕೊಂಡಿದ್ದ ಆ ವಾಸನೆ ಬರೀ ಮಸಾಲೆಯದು ಎಂದು ಗೊತ್ತಾದದ್ದಕ್ಕೆ. ಅಷ್ಟು ಸಲ ಸ್ನಾನ ಮಾಡಿದ್ದು ವ್ಯರ್ಥವಾಯಿತು.

ಒಳಕಲ್ಲು ಮನೆಗೆ ಹೋಯಿತು. ಪಕ್ಕೀರವ್ವ ಬರೀ ಖಂಡ, ನೀರು, ಚೂರು ಉಪ್ಪಿನಲ್ಲಿ ಸಾರು ಮಾಡಿದಳು. ಸಾವಿನ ಮನೆಯಲ್ಲಿ ಕೂಡ ಇಷ್ಟು ಸಪ್ಪೆ ಮಾಡಿರಲಿಲ್ಲ ಎಂದು ಗಂಡನ ಮುಂದೆ ಅತ್ತಳು. ಮಾರನೆಯ ದಿನ ಪೆಟ್ಟಿಗೆ ತೆಗೆದರೆ ತಟ್ಟೆಗಳ ತುಂಬ ಚುಕ್ಕೆ. ಬಿಳಿ, ಹಳದಿ, ಕೆನೆಯ ಬಣ್ಣ, ಒಂದರ ಅಂಚು ಗರಗಸದಂತೆ, ಇನ್ನೊಂದು ತುಪ್ಪದ ಹನಿಯಂತೆ. ರಾಯರು ಕುಣಿದಾಡುವುದೊಂದು ಬಾಕಿ.

ಪಕ್ಕೀರವ್ವ ಆ ತಟ್ಟೆ ನೋಡಿ ಸೊಂಟಕ್ಕೆ ಕೈಯಿಟ್ಟಳು. "ಇಷ್ಟು ದಿನ ನನ್ನ ಛಲೋ ಅಡಿಗಿ ಮುಟ್ಟಲಿಲ್ಲ. ಈ ಸಪ್ಪನ ನೀರು ನೆಕ್ಕ್ಯಾವಲ್ರಿ! ಸಾಹೇಬ್ರ, ಅವನ್ನ ನಂಗ ತೋರಸ್ರಿ. ಒಂದು ಮಾತು ಕೇಳಬೇಕು."

ಅಷ್ಟು ಖುಷಿಯಲ್ಲಿದ್ದ ರಾಯರು ಇಲ್ಲವೆನ್ನಲಿಲ್ಲ. ಒಂದು ಚುಕ್ಕೆಯಿಂದ ಚೂರು ತೆಗೆದು, ಬಣ್ಣ ಹಾಕಿ ಗಾಜಿಗೆ ಸವರಿ ದುರ್ಬೀನಿನಡಿ ಇಟ್ಟರು. ಪಕ್ಕೀರವ್ವ ಬಗ್ಗಿ ಒಂದು ಕಣ್ಣು ಮುಚ್ಚಿ ನೋಡಿದಳು. ಬಾಗಿದ ಕಡ್ಡಿಯಂಥ ಸಣ್ಣ ಸಣ್ಣ ತುಂಡುಗಳು.

"ಇದರ ಬಾಯಿ ಎಲ್ಲೈತ್ರಿ?"

"ಬಾಯಿ ಇಲ್ಲ ಪಕ್ಕೀರವ್ವ. ಮೈಯಿಂದನ ಹೀರ್ತಾವ."

ಅವಳು ತಲೆಯೆತ್ತಿದಳು. "ಬಾಯಿ ಇಲ್ಲದವಕ್ಕ ಇಷ್ಟು ದಿನ ಲವಂಗ ಅರದೆನಲ್ರಿ! ಮೊದಲ ಹೇಳಬಾರದೇನ್ರಿ?"

ಊರಲ್ಲಿ ಮಾತ್ರ ಗದ್ದಲವೆದ್ದಿತು. ಹೋದ ತಿಂಗಳು ಚೊಕ್ಕವಿದ್ದ ಬಾವಿ ಈ ತಿಂಗಳು ಹೇಗೆ ಕೆಟ್ಟಿತು? ರಾಯರು ಎಷ್ಟು ಹೇಳಿದರೂ ಯಾರ ತಲೆಗೂ ಹೋಗಲಿಲ್ಲ. ಪಕ್ಕೀರವ್ವ ಮಸಾಲೆ ಬಿಟ್ಟಳು, ಹುಳ ಬಂದವು. ಇದಕ್ಕಿಂತ ನೇರವಾದ ಲೆಕ್ಕ ಇನ್ನೇನಿದೆ? ಗವಿಸಿದ್ದಪ್ಪ ಹತ್ತು ಮಂದಿಯನ್ನು ಕಟ್ಟಿಕೊಂಡು ಗೋದಾಮಿಗೆ ಬಂದ.

"ಸಾಹೇಬ್ರ, ಲವಂಗ ನಾ ಕೊಡ್ತೀನಿ. ಬೇಕಾದ್ರ ಚೀಲಗಟ್ಟಲೆ ತರಸ್ತೀನಿ. ಮತ್ತ ಹಾಕಸ್ರಿ. ಊರಿನ ಮಾನದ ಪ್ರಶ್ನಿ."

"ಅಲ್ರಿ ಗವಿಸಿದ್ದಪ್ಪನವರ, ಹಾಕಿದ್ರ ಹುಳ ಕಾಣೂದಿಲ್ರಿ."

"ಅದನ್ನಽ ನಾನೂ ಹೇಳಾಕತ್ತೀನಿ!"

ರಾಯರು ಒಪ್ಪಲಿಲ್ಲ. ಗವಿಸಿದ್ದಪ್ಪನ ಅಕ್ಕಿ ಚೀಲಗಳನ್ನು ಒಳಗು ಹೊರಗು ಮಾಡಿ ಹೊಲಿಸಬೇಕಾಯಿತು, ಅಕ್ಷರ ಒಳಗೆ ಹೋಗಿ ಅಕ್ಕಿಗೆ ಬಣ್ಣ ಹತ್ತಿತು. ಹಿಟ್ನಾಳದ ಹಿರಿಯ ಹುಚ್ಚೀರಪ್ಪ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ತಟ್ಟೆಯಲ್ಲಿ ಸಾಯುವ ಹುಳ ಬಾವಿಯಲ್ಲೂ ಸಾಯಬೇಕಲ್ಲ ಎಂದು ಊರವರಿಂದ ಲವಂಗ, ಅಜವಾನ, ಬೆಳ್ಳುಳ್ಳಿ ಕೂಡಿಸಿ, ಅರೆಸಿ, ಬಾವಿಗೆ ಸುರಿಸಿದ. ಸುರಿಸುವ ಮೊದಲು ಪಕ್ಕೀರವ್ವನನ್ನೇ ಬಂಡಿಯಲ್ಲಿ ಕರೆಸಿ ಬಾವಿಯ ಅಳತೆ ತೋರಿಸಿ, ಎಷ್ಟು ಹಾಕಬೇಕು ಎಂದು ಕೇಳಿದ್ದ. ಅವಳು ಬಾವಿಯೊಳಗೆ ಇಣುಕಿ, ಇಷ್ಟು ದೊಡ್ಡ ಗಡಿಗೆಗೆ ತಾನು ಎಂದೂ ಅಡುಗೆ ಮಾಡಿಲ್ಲವೆಂದು ಹೇಳಿ ವಾಪಸು ಬಂದಿದ್ದಳು.

ಹಿಟ್ನಾಳದ ನೀರು ಕುಡಿಯಲಾರದಂತಾಯಿತು. ಹಸಿದಾಗ ಸಾರಿನ ವಾಸನೆ, ಉಂಡ ಮೇಲೂ ಸಾರಿನ ವಾಸನೆ. ಹೆಂಗಸರು ತಾಳಲಾರದೆ ನೀರನ್ನು ಕುದಿಸಿ, ಬೆಲ್ಲ ಹಾಕಿ, ಕಷಾಯವೆಂದು ಕುಡಿಸತೊಡಗಿದರು. ಆ ಬೇಸಿಗೆಯಲ್ಲಿ ಸುತ್ತಲ ಊರುಗಳಲ್ಲಿ ವಾಂತಿಭೇದಿ ತಿರುಗಿ ಬಂತು, ಹಿಟ್ನಾಳದಲ್ಲಿ ಒಬ್ಬರಿಗೂ ಬರಲಿಲ್ಲ. ಕುದಿಸಿದ್ದಕ್ಕೆ ಉಳಿದಿರಿ ಎಂದು ರಾಯರು ಹೋಗಿ ಹೇಳಿದರು. ಲವಂಗಕ್ಕೆ ಉಳಿದೆವು ಎಂದು ಹುಚ್ಚೀರಪ್ಪ ಹೇಳಿದ. ಇಬ್ಬರೂ ಕಟ್ಟೆಯ ಮೇಲೆ ಕೂತು ಹೊತ್ತು ಮುಳುಗುವ ತನಕ ವಾದ ಮಾಡಿ, ಅದೇ ಕಷಾಯ ಕುಡಿದು ಎದ್ದರು.

ಈ ಎಲ್ಲದರಲ್ಲಿ ಪೆಟ್ಟು ತಿಂದವಳು ಪಕ್ಕೀರವ್ವ. ರೋಗದ ಹುಳಗಳಿಗೆ ಉಣಬಡಿಸಿದ ಕೈ ಎಂದು ಹೆಸರಾಗಿ ಮದುವೆಗಳಿಗೆ ಕರೆಯುವುದು ನಿಂತಿತು. ಯಲಬುರ್ಗಾದ ಒಂದು ಬಂಡಿ ಓಣಿಯ ತನಕ ಬಂದು, ಯಾರೋ ಏನೋ ಹೇಳಿದ್ದನ್ನು ಕೇಳಿ ಅಲ್ಲಿಂದಲೇ ಎತ್ತು ತಿರುಗಿಸಿತು. ಅವಳು ಬಾಗಿಲಲ್ಲಿ ನಿಂತು ನೋಡಿದಳು, ಕೂಗಿ ಕರೆಯಲಿಲ್ಲ. ಆ ದಿನ ಗಿರಣಿಯಲ್ಲಿ ಹಮಾಲರು ಮಾರೆಪ್ಪನನ್ನು ಕೆಣಕಿದರು, "ನಿನ್ನ ಹೇಣ್ತಿ ಇವತ್ತ ಯಾವ ಹುಳಕ್ಕ ಎಡಿ ಇಟ್ಟಾಳಲೇ?" ಮಾರೆಪ್ಪ ಹೆಗಲ ಮೇಲಿನ ಚೀಲ ಕೆಳಗಿಳಿಸಿದ. ಅಷ್ಟು ವರ್ಷದಲ್ಲಿ ಅವನು ಗಿರಣಿಯಲ್ಲಿ ಮಾತಿಗೆಂದು ಚೀಲ ಇಳಿಸಿದ್ದು ಅದೊಂದೇ ಸಲ.

"ಆಕಿ ಮಾಡಿದ್ದನ್ನ ಉಂಡು ಸತ್ತಿದ್ದು ರೋಗ. ಮನಿಶಾ ಯಾವನರ ಸತ್ತಾನೇನು? ನಾ ಮೂರು ಹೊತ್ತು ಉಣ್ಣಾಕತ್ತೀನಿ. ನನ್ನ ನೋಡ್ರಿ."

ಅವರು ಅವನನ್ನು ನೋಡಿದರು. ಎರಡು ಚೀಲ ಒಮ್ಮೆಗೇ ಹೊರುವ ಆಳು. ಆಮೇಲೆ ತಮ್ಮ ತಮ್ಮ ಚೀಲಗಳಿಗೆ ಬಗ್ಗಿದರು.

ಪಕ್ಕೀರವ್ವ ನೌಕರಿ ಬಿಡಲಿಲ್ಲ. ಸಪ್ಪೆ ಸಾರನ್ನೇ ಮನಸ್ಸಿಟ್ಟು ಮಾಡಿದಳು. ಬರುಬರುತ್ತ, ವಾಂತಿಭೇದಿಯದೆಂದು ರಾಯರು ತೋರಿಸಿಕೊಟ್ಟಿದ್ದ ತುಪ್ಪದ ಹನಿಯಂಥ ಚುಕ್ಕೆ ಕಂಡರೆ "ಬಂದೀಯಾ, ಬಾ" ಎಂದು ಬೈಗುಳ ಸೇರಿಸಿ ರಾಯರ ಮುಂದೆ ಇಡುವಷ್ಟು ಅವುಗಳ ಪರಿಚಯವಾಯಿತು. ಎಷ್ಟೋ ಸಲ ತಪ್ಪಿ ಬೇರೆ ಜಾತಿಯನ್ನೇ ಬೈಯುತ್ತಿದ್ದಳು, ರಾಯರು ತಿದ್ದುತ್ತಿದ್ದರು. ಅವಳು ಬೈದದ್ದನ್ನು ವಾಪಸು ತೆಗೆದುಕೊಳ್ಳುತ್ತಿರಲಿಲ್ಲ.

ಆಮೇಲೆ ಜಪಾನು ಯುದ್ಧಕ್ಕಿಳಿಯಿತು, ಅಗರ್ ಬರುವುದು ನಿಂತಿತು. ರಾಯರು ಗಂಜಿಯಲ್ಲಿ ತಟ್ಟೆ ಹೊಯ್ದು ನೋಡಿದರು. ಗಂಜಿ ಕಾವಿಗೆ ಹಳಸಿ, ಮೇಲೆ ಬೂಸು ಬಂದು, ಯಾವುದರ ಗುರುತೂ ಹತ್ತಲಿಲ್ಲ. ಪಟ್ಟಿಗಳು ಮುಗಿದ ಮೇಲೆ ಗೋದಾಮಿಗೆ ಬೀಗ ಬಿತ್ತು, ರಾಯರಿಗೆ ಬೀದರಿಗೆ ವರ್ಗವಾಯಿತು. ಹೊರಡುವ ದಿನ ಅವರು ಪಕ್ಕೀರವ್ವನ ಮನೆಯ ತನಕ ಬಂದರು. ಮಾಂಸ ಹಾಕದೆ ಅದೇ ಮಸಾಲೆಯ ಬೇಳೆ ಸಾರು ಮಾಡಲು ಬರುತ್ತದೆಯೇ ಎಂದು ಮೆಲ್ಲಗೆ ಕೇಳಿದರು. ಪಕ್ಕೀರವ್ವ ಮಸಾಲೆಯನ್ನು ಹುರಿದು ಪುಡಿ ಮಾಡಿ ಗಂಟು ಕಟ್ಟಿ ಕೊಟ್ಟಳು.

ಯುದ್ಧ ಮುಗಿಯುವ ವರ್ಷ ತುಂಗಭದ್ರೆಗೆ ಅಣೆಕಟ್ಟಿನ ಕೆಲಸ ಶುರುವಾಗಿ, ಮುನಿರಾಬಾದಿನಲ್ಲಿ ಕೂಲಿಗಳ ತಗಡಿನ ಗುಡಿಸಲುಗಳೆದ್ದವು. ಪಕ್ಕೀರವ್ವ ಮಾರೆಪ್ಪನನ್ನು ಗಿರಣಿಯಿಂದ ಬಿಡಿಸಿ ಅಲ್ಲಿಗೆ ಕರೆದುಕೊಂಡು ಹೋಗಿ, ಬಂಡೆಯೊಂದರ ನೆರಳಿಗೆ ಒಲೆ ಹೂಡಿ ಖಾನಾವಳಿ ತೆಗೆದಳು. ಅಲ್ಲಿ ಅವಳ ಹಿಂದಿನ ಕೆಟ್ಟ ಹೆಸರು ಯಾರಿಗೂ ಗೊತ್ತಿರಲಿಲ್ಲ. ಕಲ್ಲು ಒಡೆದು ಬಂದವರಲ್ಲಿ ಅರ್ಧ ಮಂದಿ ತೆಲುಗರು. ಮೊದಲ ದಿನ ಅವರಲ್ಲೊಬ್ಬ ಸಾರು ಬಾಯಿಗಿಟ್ಟು, ಸುತ್ತಲಿನವರಿಗೆ ಏನೋ ಹೇಳಿ, ಬರಿದಾದ ಗಂಗಾಳ ಮುಂದೆ ಚಾಚಿ, "ಇಂಕೊಂಚೆಂ" ಎಂದ. ಅವಳಿಗೆ ಅರ್ಥವಾಗಲಿಲ್ಲ. ಏನೋ ಕೊರತೆ ಹೇಳುತ್ತಿದ್ದಾನೆಂದು ಸೌಟು ಹಿಡಿದುಕೊಂಡೇ ಅವನ ಎದುರಿಗೆ ಹೋಗಿ ನಿಂತಳು.

"ಇನ್ನಷ್ಟು ಹಾಕು ಅನ್ನಾಕತ್ತಾನ," ಎಂದ ಮಾರೆಪ್ಪ.

ಅವಳು ಹಾಕಿದಳು. ಪಕ್ಕದವನೂ ಗಂಗಾಳ ಚಾಚಿದ, ಅವನ ಪಕ್ಕದವನೂ ಚಾಚಿದ.